ನೆಲವೇ ಡೊಂಕಿತ್ತು

ಹಾಲಿಸ್ ಗ್ರೀಬ್ ಎಂಬ ಹೆಸರನ್ನು ಹುಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಯುವ ಕೆಲಸ ನನ್ನ ತಲೆಗೇ ಬಂತು. ಒಂದೊಂದು ಅಕ್ಷರ ನಾಲ್ಕು ಅಡಿ ಎತ್ತರ ಇರಬೇಕಂತೆ, ಕೊನೆಯ ಮೆಟ್ಟಿಲಲ್ಲಿ ಕೂತವರಿಗೂ ಕಾಣಬೇಕಂತೆ. ಮೂವತ್ತಾರು ವರ್ಷ ಪ್ಲಮ್ ಫೋರ್ಕ್ ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದವನು ಈ ಮೇ ತಿಂಗಳಲ್ಲಿ ನಿವೃತ್ತನಾಗುತ್ತಿದ್ದ. ಶನಿವಾರ ಮೈದಾನಕ್ಕೆ ಅವನ ಹೆಸರಿಡುವ ಸಮಾರಂಭ. ಇಪ್ಪತ್ತೇಳು ವರ್ಷದಿಂದ ಆ ಮೈದಾನದ ಹುಲ್ಲು ಕತ್ತರಿಸುವುದು, ಕೆಂಪು ಮಣ್ಣು ಹಸನು ಮಾಡುವುದು, ಗೆರೆ ಎಳೆಯುವುದು ಎಲ್ಲ ನಾನೇ. ಅವನನ್ನು ಕಂಡರೆ ನನಗಾಗದು, ನನ್ನನ್ನು ಕಂಡರೆ ಅವನಿಗಾಗದು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ಯಾರೂ ನನ್ನನ್ನು ದೊಡ್ಡ ಮನಸ್ಸಿನವನು ಅಂದುಕೊಂಡು ಮೋಸಹೋಗಬಾರದು.

ಬೆಳಿಗ್ಗೆ ಆರೂವರೆಗೆ ಅವನ ಪಿಕಪ್ ಬಂದು ಬೇಲಿ ಪಕ್ಕ ನಿಲ್ಲುತ್ತಿತ್ತು. ಇಳಿದು ಬಂದು, ಬಾಯಲ್ಲಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ನಾನು ಆಗಷ್ಟೇ ಹಸನು ಮಾಡಿದ ಮಣ್ಣಿನ ಮೇಲೇ ಉಗಿಯುತ್ತಿದ್ದ.

"ಏನಯ್ಯಾ ವೆಂಡೆಲ್, ಇವತ್ತಾದ್ರೂ ನೇರ ಗೆರೆ ಬರತ್ತಾ?"

"ನೀವು ದಾರಿ ಬಿಟ್ರೆ ಬರತ್ತೆ ಕೋಚ್."

ಇಪ್ಪತ್ತೇಳು ವರ್ಷ ನಮ್ಮಿಬ್ಬರ ಸುಪ್ರಭಾತ ಇದೇ.

ನಾನೂ ಒಂದು ಕಾಲದಲ್ಲಿ ಅವನ ತಂಡದವನೇ. ಪಿಚರ್ ಆಗಿದ್ದೆ, ಅಂದರೆ ನಡುಮೈದಾನದ ದಿಬ್ಬದ ಮೇಲೆ ನಿಂತು ಚೆಂಡೆಸೆಯುವವನು. 1990ರಲ್ಲಿ ಬಂದಾಗ ಹತ್ತೊಂಬತ್ತು ವರ್ಷ, ಎಡಗೈ ಬಲು ಜೋರು. ನಮ್ಮ ಮೈದಾನದಲ್ಲಿ ನಾನು ಎಸೆದರೆ ಎದುರಾಳಿಗಳು ಗಾಳಿಗೆ ಬ್ಯಾಟು ಬೀಸಿ ಹೋಗುತ್ತಿದ್ದರು. ಬೇರೆ ಊರಿಗೆ ಹೋದರೆ ಮಾತ್ರ ಅದೇ ಕೈ, ಅದೇ ಎಸೆತ, ಬ್ಯಾಟಿನವನ ಮುಂದೆ ನೆಲದಲ್ಲಿ ಹೂತ ಪ್ಲೇಟಿನ ಮೇಲೆ ಇಳಿಯುವ ಬದಲು ಚೆಂಡು ಅವನ ಭುಜದ ಮೇಲೆ ಹಾದುಹೋಗುತ್ತಿತ್ತು. ಅಂಥ ನಾಲ್ಕು ತಪ್ಪೆಸೆತ ಆದರೆ ಅವನು ಆಡದೆಯೇ ಮೊದಲ ಬೇಸ್‌ಗೆ, ಅಂದರೆ ಓಡಿ ಮುಟ್ಟಬೇಕಾದ ಮೊದಲ ಗುರುತಿಗೆ, ನಡೆದುಹೋಗುತ್ತಾನೆ. ಒಂದು ಸಂಜೆ ಹೀಗೆ ಏಳು ಜನರನ್ನು ಕಳಿಸಿಕೊಟ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ ಗ್ರೀಬ್ ಹತ್ತಿರ ಹೋಗಿ ಹೇಳಿದೆ.

"ಕೋಚ್, ಅಲ್ಲಿ ಪ್ಲೇಟು ನಮ್ಮದಕ್ಕಿಂತ ಹತ್ತಿರ ಇದ್ದ ಹಾಗೆ ಕಾಣತ್ತೆ. ಕೈ ತಪ್ತಾ ಇಲ್ಲ, ಅದೇ ಮುಂದಕ್ಕೆ ಬಂದಿದೆ."

ಅವನು ಎದ್ದು ನಿಂತು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ: "ಕೇಳ್ರಪ್ಪಾ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ." ಎಲ್ಲರೂ ನಕ್ಕರು. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಗಸ್ ಆಟ್ ಕೂಡ ನಕ್ಕ, ಅವನೂ ಪಿಚರ್, ಅವನೂ ಆ ದಿನ ನಾಲ್ವರನ್ನು ಕಳಿಸಿಕೊಟ್ಟಿದ್ದವನು.

ಆಮೇಲೆ ಗೋಧಿ ಗೋದಾಮಿನ ಹತ್ತಿರ ಬಸ್ಸು ನಿಂತಿತು. ಅದು ಯಾವಾಗಲೂ ಅಲ್ಲೇ ನಿಲ್ಲುತ್ತಿತ್ತು. ಹೊರಗೆ ಸೋತು ಬಂದ ದಿನ ಆಡಿದ ಪಿಚರ್‌ಗಳೆಲ್ಲ ಅಲ್ಲಿ ಇಳಿದು, ಆಟದ ಬಟ್ಟೆಯಲ್ಲೇ, ಹೆದ್ದಾರಿ ಅಂಚಿನಲ್ಲಿ ಮೂರು ಮೈಲಿ ನಡೆದು ಕಾಲೇಜು ಸೇರಬೇಕು. "ನಡೀರಿ, ಯೋಚನೆ ಮಾಡೋಕೆ ಟೈಮ್ ಸಿಗತ್ತೆ" ಅಂತ ಅವನು ಹೇಳುವುದು, ಬಾಗಿಲು ಮುಚ್ಚುವುದು. ಜಾನುವಾರು ತುಂಬಿದ ಲಾರಿಗಳು ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಊರಿನವರು ಕಾರು ನಿಧಾನ ಮಾಡಿ ಹಾರ್ನು ಹೊಡೆದು ಹೋಗುತ್ತಿದ್ದರು. ಗಸ್ ನಾಲ್ಕು ವರ್ಷದಲ್ಲಿ ಹನ್ನೊಂದು ಸಲ ನಡೆದ, ಅದು ಈಗಲೂ ದಾಖಲೆ.

ನಾನು ಆರು ಸಲ ನಡೆದೆ. ಏಳನೆಯದಕ್ಕೆ ಗ್ರೀಬ್ ಅವಕಾಶ ಕೊಡಲಿಲ್ಲ. ಎರಡನೇ ವರ್ಷ, ಕೆಸ್ಲರ್ ಊರಿನ ಪೆಟ್ರೋಲ್ ಬಂಕಿನ ಮುಂದೆ, ಇಡೀ ತಂಡ ಕೋಲಾ ಕುಡಿಯುತ್ತ ನಿಂತಿದ್ದಾಗ, ನನ್ನ ತಂಡದ ಟೋಪಿ ಕಿತ್ತುಕೊಂಡು ಹೇಳಿದ: "ಇವನ ಕೈ ಗಂಡಸಿನದು, ಎದೆ ಮಾತ್ರ ಪುಕ್ಕಲು. ಮನೇಲಿ ಹುಲಿ, ಹೊರಗೆ ಇಲಿ." ತಂಡದಲ್ಲಿನ ಜಾಗ ಹೋಯಿತು, ಆಟಕ್ಕೆ ಸಿಗುತ್ತಿದ್ದ ವಿದ್ಯಾರ್ಥಿವೇತನ ಹೋಯಿತು, ಅದರ ಜೊತೆ ಓದೂ ಹೋಯಿತು. ಆ ಮಾತು ಮಾತ್ರ ಹೋಗಲಿಲ್ಲ. ಐದು ವರ್ಷದ ನಂತರ ಹೊಟ್ಟೆಪಾಡಿಗೆ ಅದೇ ಮೈದಾನದ ಕೆಲಸಕ್ಕೆ ಸೇರಿದೆ. ಇನ್ನೂ ಹತ್ತು ವರ್ಷ ಕಳೆದು ತುಲ್ಸಾ ನಗರದಲ್ಲಿ ದೊಡ್ಡ ಮೈದಾನದ ಮೇಲ್ವಿಚಾರಕನ ಕೆಲಸ ತಾನಾಗಿ ಹುಡುಕಿಕೊಂಡು ಬಂತು. ಹೆಂಡತಿ ಮಾರ್ಲಾ ಆಗಲೇ ಪಾತ್ರೆ ಕಟ್ಟಿದ್ದಳು. ನಾನು ಹೋಗಲಿಲ್ಲ. ಹೊರಗೆ ಹೋದರೆ ನಾನು ಇಲಿ ಅಂತ ನನಗೇ ಖಾತ್ರಿಯಾಗಿಬಿಟ್ಟಿತ್ತು. ಅವಳು ಆ ಪಾತ್ರೆಗಳನ್ನು ಬಿಚ್ಚಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ದಿಬ್ಬವನ್ನು ಮಾತ್ರ ಗ್ರೀಬ್ ನನಗೆ ಮುಟ್ಟಗೊಡುತ್ತಿರಲಿಲ್ಲ. 1987ರಲ್ಲಿ ಬಂದ ಮೊದಲ ವಸಂತದಲ್ಲಿ ಅದನ್ನು ಅವನೊಬ್ಬನೇ ಕಟ್ಟಿದ್ದನಂತೆ. ಅಳತೆಗೆ ಒಂದು ಉಕ್ಕಿನ ತಂತಿ ಕತ್ತರಿಸಿಟ್ಟಿದ್ದ, ಎರಡು ತುದಿಗೂ ಕುಣಿಕೆ. ಸರಿಯಾಗಿ ಅರವತ್ತು ಅಡಿ ಆರು ಅಂಗುಲ. ಪ್ರತಿ ಫೆಬ್ರವರಿಯಲ್ಲಿ ಒಂದು ಕುಣಿಕೆಯನ್ನು ಪ್ಲೇಟಿಗೆ ತಾಗಿಸಿ ಮೊಳೆ ಹೊಡೆದು, ಇನ್ನೊಂದನ್ನು ದಿಬ್ಬದವರೆಗೆ ಎಳೆದು, ಪಿಚರ್ ಕಾಲಿಡುವ ರಬ್ಬರ್ ಪಟ್ಟಿಯನ್ನು ಅಲ್ಲಿ ಹೂಳುತ್ತಿದ್ದ. ಬದಿಯ ಅಭ್ಯಾಸದ ದಿಬ್ಬಗಳಿಗೂ ಅದೇ ತಂತಿ. ಅವುಗಳನ್ನು ಅವನು ತೋರಿಸಿಕೊಟ್ಟ ಹಾಗೆ ನಾನೇ ಅಳೆದು ಹಾಕುತ್ತಿದ್ದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೇ ಉರಿಯುತ್ತದೆ.

ಸಮಾರಂಭಕ್ಕೆ ಎರಡು ದಿನ ಮುಂಚೆ, ಗುರುವಾರ, ಸರ್ವೆಯವನೊಬ್ಬ ಬಂದ. ಜೂನಿನಲ್ಲಿ ಹುಲ್ಲು ಕಿತ್ತು ಪ್ಲಾಸ್ಟಿಕ್ ಹಾಸು ಹಾಕುತ್ತಾರೆ, ಅದಕ್ಕೆ ಹಳೆಯ ಅಳತೆ ಬೇಕಿತ್ತು. ಮುಕ್ಕಾಲಿಯ ಮೇಲೆ ಯಂತ್ರ ಇಟ್ಟು ನೋಡಿ, ಮತ್ತೆ ನೋಡಿ, ನನ್ನನ್ನು ಕರೆದ.

"ಸರ್, ನಿಮ್ಮ ದಿಬ್ಬ ಯಾಕೆ ಅರವತ್ತೊಂದು ಅಡಿ ಹನ್ನೊಂದು ಅಂಗುಲಕ್ಕಿದೆ?"

"ನಿಮ್ಮ ಯಂತ್ರ ಕೆಟ್ಟಿದೆ," ಅಂದೆ.

ಅವನು ಹೋದ ಮೇಲೆ ಶೆಡ್ಡಿನಿಂದ ತಂತಿ ತಂದೆ. ಹೋಮ್ ಪ್ಲೇಟು ಅಂದರೆ ಮನೆಯ ಚಿತ್ರದಂತಿರುವ ಬಿಳಿ ಹಲಗೆ. ಅದರ ಅಗಲ ಅಂಚು ಪಿಚರ್ ಕಡೆಗೆ, ಚೂಪು ತುದಿ ಹಿಂದೆ ಕುಕ್ಕರುಗಾಲಲ್ಲಿ ಕೂರುವ ಕ್ಯಾಚರ್ ಕಡೆಗೆ. ಅಳತೆ ಹಿಡಿಯಬೇಕಾದ್ದು ಆ ಚೂಪು ತುದಿಯಿಂದ. ಗ್ರೀಬ್ ಮೊಳೆ ಹೊಡೆಯುತ್ತಿದ್ದುದು ಮುಂದಿನ ಅಂಚಿಗೆ. ಮುಂದಿನ ಅಂಚಿಗೂ ಚೂಪಿಗೂ ನಡುವೆ ಹದಿನೇಳು ಅಂಗುಲ. ನಮ್ಮ ದಿಬ್ಬ ಮೂವತ್ತಾರು ವರ್ಷದಿಂದ ಹದಿನೇಳು ಅಂಗುಲ ಹಿಂದೆ ಕೂತಿತ್ತು. ಇಲ್ಲಿ ಕಲಿತ ನಮ್ಮ ಕೈ ಅಷ್ಟು ದೂರಕ್ಕೆ ಪಳಗಿತ್ತು. ಸರಿಯಾದ ಮೈದಾನಕ್ಕೆ ಹೋದರೆ ಚೆಂಡು ಇಳಿಯುವಷ್ಟರಲ್ಲಿ ಪ್ಲೇಟು ಮುಗಿದುಹೋಗುತ್ತಿತ್ತು. ಇಲ್ಲಿಗೆ ಬಂದ ಹೊರಗಿನವರ ಚೆಂಡು ಮೊದಲೇ ಮಣ್ಣಿಗೆ ಬೀಳುತ್ತಿತ್ತು, ಅವರು ನಮ್ಮ ಗಾಳಿಯನ್ನು ಬೈದುಕೊಂಡು ಹೋಗುತ್ತಿದ್ದರು. ಸ್ವಂತ ಮೈದಾನದಲ್ಲಿ ಸೋಲದ ಕೋಚ್ ಅಂತ ಅವನಿಗೆ ಬಂದ ಹೆಸರೂ ಅದೇ ಹದಿನೇಳು ಅಂಗುಲದ್ದು. ತಂತಿ ಸುತ್ತಿಟ್ಟೆ. ನೆಲವೇ ಡೊಂಕಿತ್ತು.

ಅವನ ಕೋಣೆಗೆ ಹೋದಾಗ ಅವನು ಹಳೆಯ ಫೋಟೊಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದ.

"ಕೋಚ್, ದಿಬ್ಬ ಹದಿನೇಳು ಅಂಗುಲ ಹಿಂದಿದೆ."

"ಗೊತ್ತು," ಅಂದ, ತಲೆ ಎತ್ತದೆ.

ಅವನು ಬೈದು ಹೊರಗೆ ಅಟ್ಟುತ್ತಾನೆ ಅಂದುಕೊಂಡು ಅದಕ್ಕೆ ಸಿದ್ಧನಾಗಿ ಹೋಗಿದ್ದೆ. ಈ ಉತ್ತರಕ್ಕೆ ಸಿದ್ಧನಿರಲಿಲ್ಲ.

"ಯಾವಾಗಿಂದ?"

"ಎರಡು ಸಾವಿರದ ಐದು. ಹೊಸ ಪ್ಲೇಟು ತರಿಸಿದ್ನಲ್ಲ, ಅದರ ಜೊತೆ ಒಂದು ಹಾಳೆ ಬಂದಿತ್ತು. ಅಳತೆ ಎಲ್ಲಿಂದ ಹಿಡೀಬೇಕು ಅಂತ ಚಿತ್ರ ಹಾಕಿದ್ರು."

"ಆಮೇಲೆ?"

"ಆಮೇಲೇನು, ಹಾಳೆ ಮಡಚಿಟ್ಟೆ."

"ಸರಿ ಮಾಡ್ಬಹುದಿತ್ತು."

"ಸರಿ ಮಾಡಿದ್ರೆ ಯಾಕೆ ಅಂತ ಕೇಳ್ತಿದ್ರು. ಏನು ಹೇಳ್ಲಿ? ನಿಮ್ಮ ಕೋಚಿಗೆ ತಂತಿ ಹಿಡಿಯೋಕೂ ಬರಲ್ಲ ಅಂತ ಹೇಳ್ಲಾ?"

"ಗೊತ್ತಾದ ಮೇಲೂ ಹುಡುಗರನ್ನ ನಡೆಸಿದ್ರಿ. ಈ ಮಾರ್ಚಲ್ಲೂ ಮೂವರನ್ನ ಗೋದಾಮಿನ ಹತ್ರ ಇಳಿಸಿದ್ರಿ."

"ನಿಲ್ಸಿದ್ರೆ ಯಾಕೆ ನಿಲ್ಸಿದೆ ಅಂತ ಕೇಳ್ತಿದ್ರು." ಅವನು ಡಬ್ಬದ ಮೇಲೆ ಅಂಟುಪಟ್ಟಿ ಎಳೆದ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನೋಡಿದ್ದೆ. ನಾಲ್ಕನೆಯದು ಕಂಡಿದ್ದೂ ಹದಿನೆಂಟು ವರ್ಷ ಅದನ್ನು ಕೈಯಲ್ಲಿ ಮುಚ್ಚಿ ಹಿಡಿದು ಕೂತವನನ್ನು ಅವತ್ತೇ ನೋಡಿದ್ದು. ಆ ಕ್ಷಣ ಅವನ ಕುತ್ತಿಗೆಗೆ ಕೈ ಹಾಕಬೇಕು ಅನ್ನಿಸಿತು.

"ಶನಿವಾರ ಹಳೇ ಪಿಚರ್‌ಗಳೆಲ್ಲ ಬರ್ತಾರೆ," ಅಂದೆ. "ಅವರ ಮುಂದೆ ಅಳತೆ ಹೇಳಿ, ಅಷ್ಟೇ. ಕ್ಷಮೆ ಕೇಳೋದು ಬೇಡ. ಅರವತ್ತೊಂದು ಅಡಿ ಹನ್ನೊಂದು ಅಂಗುಲ ಅಂತ ಒಂದು ಸಲ ಬಾಯಿಬಿಟ್ಟು ಹೇಳಿ."

"ಅದರಿಂದ ನಿನಗೇನು ಸಿಗತ್ತೆ? ಅಳತೆ ಸರಿ ಇದ್ರೂ ನೀನೇನು ದೊಡ್ಡ ಲೀಗಿಗೆ ಹೋಗ್ತಿರ್ಲಿಲ್ಲ. ಇಲ್ಲೇ ಹುಲ್ಲು ಕೊಯ್ತಿದ್ದೆ."

"ಇರಬಹುದು. ಪುಕ್ಕಲ ಅನ್ನಿಸ್ಕೊಂಡು ಕೊಯ್ತಿರ್ಲಿಲ್ಲ."

"ಹೋಗು," ಅಂದ. "ಹೆಸರು ನೆಟ್ಟಗೆ ಬರಿ."

ಮಾರ್ಲಾಗೆ ಹೇಳಿದಾಗ ಅವಳು ಒಲೆ ಆರಿಸಿ ಬಂದು ಎದುರು ಕೂತಳು. ಅವಳು ತುಲ್ಸಾ ನೆನೆಯುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು.

"ಫೋನ್ ಇದೆಯಲ್ಲ ಮಾರಾಯ. ಒಬ್ಬೊಬ್ಬರಿಗೂ ಮಾಡಿ ನೀನೇ ಹೇಳ್ಬಿಡು."

"ನಾನು ಹೇಳಿದ್ರೆ ಕುಣಿಯೋಕೆ ಬಾರದವಳ ಮಾತಾಗತ್ತೆ ಮಾರ್ಲಾ. ಅವನ ಬಾಯಿಂದಾನೇ ಬರ್ಬೇಕು."

"ಅವನು ಹೇಳೋ ಪೈಕಿ ಅಲ್ಲ."

"ಹೇಳ್ದೇ ಇದ್ರೆ, ನನಗೆ ಗೆರೆ ಎಳೆಯೋಕಂತೂ ಬರತ್ತೆ."

ಶನಿವಾರ ಬೆಳಿಗ್ಗೆ ಅವನ ಹೆಸರನ್ನು ನೆಟ್ಟಗೇ ಬರೆದೆ. ಒಂದಕ್ಷರವೂ ಸೊಟ್ಟ ಇರಲಿಲ್ಲ. ಆಮೇಲೆ ಸುಣ್ಣದ ಗಾಡಿ ತಳ್ಳಿಕೊಂಡು ಹೋಗಿ, ದಿಬ್ಬದ ಮೇಲೆ, ರಬ್ಬರ್ ಪಟ್ಟಿಗಿಂತ ಹದಿನೇಳು ಅಂಗುಲ ಮುಂದೆ ಒಂದು ಬಿಳಿ ಗೆರೆ ಎಳೆದೆ.

ಹತ್ತು ಗಂಟೆಗೆ ಹಳೆಯ ಪಿಚರ್‌ಗಳು ಬಂದರು. ನಲವತ್ತಕ್ಕೂ ಹೆಚ್ಚು ಜನ. ಹೊಟ್ಟೆ ಬಂದವರು, ಕೂದಲು ಹೋದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ದಿಬ್ಬದ ಮೇಲೆ ಕೋಚ್ ಸುತ್ತ ನಿಂತು ಫೋಟೊ ತೆಗೆಸಿಕೊಳ್ಳುವುದು ನಮ್ಮಲ್ಲಿ ಹಳೆಯ ವಾಡಿಕೆ. ಗಸ್ ಆಟ್ ಎಲ್ಲರಿಗಿಂತ ಮೊದಲು ಹತ್ತಿದ. ಅವನೀಗ ದನದ ಸಂತೆಯಲ್ಲಿ ಹರಾಜು ಕೂಗುತ್ತಾನೆ, ಅವನು ಗುಟ್ಟು ಹೇಳಿದರೂ ಬೇಲಿಯಾಚೆ ಕೇಳುತ್ತದೆ.

"ವೆಂಡೆಲ್, ಇದೇನೋ ಈ ಗೆರೆ?"

ನಾನು ಗ್ರೀಬ್ ಮುಖ ನೋಡಿದೆ. ಹೇಳಲಿ ಅಂತ ಕಾದೆ. ಅವನು ಗೆರೆಯನ್ನೂ ನನ್ನನ್ನೂ ನೋಡಿದ.

"ಅವನಿಗೆ ಬಿಡಪ್ಪಾ," ಅಂದ. "ವೆಂಡೆಲ್ ಗೆರೆ ಎಳೆದ್ರೆ ಎತ್ತು ಉಚ್ಚೆ ಹೊಯ್ದ ಹಾಗೆ. ಎಲ್ಲಿಗೋ ಹೋಗತ್ತೆ." ಬೂಟಿನ ತುದಿಯಿಂದ ಗೆರೆಯನ್ನು ಒರೆಸತೊಡಗಿದ.

ಎಲ್ಲರೂ ನಕ್ಕರು, ಬಸ್ಸಿನಲ್ಲಿ ನಕ್ಕ ಹಾಗೆಯೇ.

ತಂತಿ ಜೇಬಿನಲ್ಲೇ ಸುತ್ತಿಟ್ಟಿದ್ದೆ. ಒಂದು ಕುಣಿಕೆಯನ್ನು ಗಸ್ ಕೈಗೆ ಕೊಟ್ಟೆ. "ಅಲ್ಲೇ ನಿಂತು ಎಳೆದು ಹಿಡಿ," ಅಂದೆ. ಇನ್ನೊಂದನ್ನು ಪ್ಲೇಟಿನ ಮುಂದಿನ ಅಂಚಿಗೆ ಇಟ್ಟು ಮಂಡಿಯೂರಿದೆ. ಗಸ್ ಕೈ ಸರಿಯಾಗಿ ರಬ್ಬರ್ ಪಟ್ಟಿಗೆ ಬಂತು. ಆಮೇಲೆ ನನ್ನ ಕುಣಿಕೆಯನ್ನು ಹಿಂದಕ್ಕೆ, ಚೂಪು ತುದಿಗೆ ಒಯ್ದೆ. ತಂತಿ ಗಸ್ ಕೈಯನ್ನು ಮುಂದಕ್ಕೆ ಎಳೆಯಿತು. ಅವನ ಕೈ ಅರ್ಧ ಒರೆಸಿದ ಬಿಳಿ ಗೆರೆಯ ಮೇಲೆ ನಿಂತಿತು.

ಅವರಿಗೆ ವಿವರಿಸಬೇಕಾಗಿರಲಿಲ್ಲ. ಅವರೆಲ್ಲ ಪಿಚರ್‌ಗಳು, ಚೆಂಡು ಕೈಬಿಟ್ಟಲ್ಲಿಂದ ಪ್ಲೇಟಿನವರೆಗಿನ ದಾರಿಯನ್ನು ನಿದ್ದೆಯಲ್ಲೂ ಬಲ್ಲವರು. ಒಬ್ಬ ಹೆಗಲಿಂದ ಮಗುವನ್ನು ಕೆಳಗಿಳಿಸಿದ. ಇನ್ನೊಬ್ಬ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತ ನಿಂತ. ಇತ್ತೀಚಿನ ವರ್ಷಗಳ ಒಬ್ಬ ಹುಡುಗ ಕೇಳಿದ: "ಕೋಚ್, ಇದು ನಿಮಗೆ ಗೊತ್ತಿತ್ತಾ?"

"ಫೋಟೊ ತೆಗೀಪ್ಪಾ," ಅಂದ ಗ್ರೀಬ್ ಕ್ಯಾಮೆರಾದವನಿಗೆ. "ಬಿಸಿಲು ಏರ್ತಾ ಇದೆ."

ಫೋಟೊ ತೆಗೆದರು. ಅದು ಈಗ ಕಾಲೇಜಿನ ಗೋಡೆಯ ಮೇಲಿದೆ, ಬೇಕಾದರೆ ಹೋಗಿ ನೋಡಿ, ಒಬ್ಬನೂ ನಗುತ್ತಿಲ್ಲ. ಆಮೇಲೆ ಕಾಲೇಜಿನ ಅಧ್ಯಕ್ಷೆ ನಾಮಫಲಕದ ಪರದೆ ಸರಿಸಿದಳು, ಮೆಟ್ಟಿಲಲ್ಲಿದ್ದ ಊರಿನವರು ಚಪ್ಪಾಳೆ ತಟ್ಟಿದರು. ಗ್ರೀಬ್ ಎರಡು ಮಾತಾಡಿದ. ಈ ಮಣ್ಣಿನಲ್ಲಿ ನಾನು ಧೈರ್ಯ ಬೆಳೆಸಿದೆ ಅಂದ. ಅಳತೆಯ ಸುದ್ದಿ ಎತ್ತಲಿಲ್ಲ.

ಮಧ್ಯಾಹ್ನದ ಊಟ ಕೆಸ್ಲರಿನ ಹೋಟೆಲಿನಲ್ಲಿ, ಆರು ಮೈಲಿ. ಎಲ್ಲರೂ ತಂಡದ ಬಸ್ಸು ಹತ್ತಿದೆವು. ಗ್ರೀಬ್ ಯಾವಾಗಿನಂತೆ ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕೂತ. ಗೋಧಿ ಗೋದಾಮು ಬರುತ್ತಿದ್ದ ಹಾಗೆ ಗಸ್ ಎದ್ದು ಮುಂದೆ ಹೋದ.

"ಸ್ವಲ್ಪ ನಿಲ್ಸಪ್ಪಾ," ಅಂದ ಚಾಲಕನಿಗೆ.

ಬಸ್ಸು ನಿಂತಿತು. ಬಾಗಿಲು ತೆರೆಯಿತು.

"ಯಾಕೆ?" ಅಂದ ಗ್ರೀಬ್.

"ಯೋಚನೆ ಮಾಡೋಕೆ ಟೈಮ್ ಬೇಕಲ್ಲ ಕೋಚ್," ಅಂದ ಗಸ್. ಹರಾಜು ಕೂಗುವ ದನಿ ಅವತ್ತು ಸಣ್ಣದಾಗಿ ಬಂತು.

ಯಾರೂ ಗ್ರೀಬ್‌ನನ್ನು ಮುಟ್ಟಲಿಲ್ಲ. ಅವನು ಹಿಂದಕ್ಕೆ ತಿರುಗಿ ಸಾಲುಸಾಲಾಗಿ ಎಲ್ಲರ ಮುಖ ನೋಡಿದ. ಒಬ್ಬನಾದರೂ ಬೇಡ ಅನ್ನುತ್ತಾನೆ ಅಂದುಕೊಂಡನೇನೋ. ನನ್ನ ಮುಖಕ್ಕೆ ಬಂದಾಗ ನಾನು ಕಣ್ಣು ತಪ್ಪಿಸಲಿಲ್ಲ. ಅವನು ಟೋಪಿ ಹಾಕಿಕೊಂಡು, ಕಂಬಿ ಹಿಡಿದು ಇಳಿದ. ಎಪ್ಪತ್ತೆರಡು ವರ್ಷ, ಆದರೂ ಮೈ ಗಟ್ಟಿ, ದಿನಾ ಮೈದಾನ ಸುತ್ತುತ್ತಿದ್ದವನು. ಅಲ್ಲಿಂದ ಕಾಲೇಜಿಗೂ ಮೂರು ಮೈಲಿ, ಹೋಟೆಲಿಗೂ ಮೂರು ಮೈಲಿ. ಬಸ್ಸು ಹೊರಟಾಗ ಅವನು ಎರಡು ಕಡೆಗೂ ನಡೆಯದೆ ಸುಮ್ಮನೆ ನಿಂತಿದ್ದ.

ಹೋಟೆಲಿನಲ್ಲಿ ಉದ್ದನೆಯ ಮೇಜು. ಹಿಟ್ಟು ಸವರಿ ಕರಿದ ದನದ ಮಾಂಸ, ಬಿಳಿ ಗ್ರೇವಿ, ಆಲೂಗಡ್ಡೆ, ತಣ್ಣನೆಯ ಚಹಾ. ನನ್ನ ಎದುರಿನ ಕುರ್ಚಿ ಖಾಲಿ. ನನಗೆ ಖುಷಿಯಾಗಬೇಕಿತ್ತು, ಆಗಿತ್ತು ಕೂಡ, ಆದರೆ ಅದರ ಕೆಳಗೆ ಹೆದರಿಕೆಯಿತ್ತು. ಅವನು ಮನೆ ಕಡೆ ತಿರುಗಿದ್ದರೆ ನಮಗೆ ಸಿಕ್ಕಿದ್ದು ಒಂದು ನಡಿಗೆ ಮಾತ್ರ. ಅಳತೆಯ ಮಾತು ಅವನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಅವನ ಜಾಗದಲ್ಲಿ ನಾನಿದ್ದರೆ ಮನೆ ಕಡೆಗೇ ತಿರುಗುತ್ತಿದ್ದೆ.

"ಬರಲ್ಲ ಬಿಡು," ಅಂದ ಗಸ್, ತಟ್ಟೆ ನೋಡುತ್ತ.

ಅವನನ್ನು ಇಳಿಸಿ ಒಂದು ಗಂಟೆ ಹತ್ತು ನಿಮಿಷ ಆಗಿತ್ತು. ಬಾಗಿಲು ತೆರೆಯಿತು. ಗ್ರೀಬ್ ನಿಂತಿದ್ದ. ಸಮಾರಂಭದ ಕರಿ ಬೂಟಿನ ಮೇಲೆ ಕೆಂಪು ಧೂಳು ಮೆತ್ತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಅರವತ್ತೊಂದು ಅಡಿ ಹನ್ನೊಂದು ಅಂಗುಲ," ಅಂದ, ಇಡೀ ಹೋಟೆಲಿಗೆ ಕೇಳುವ ಹಾಗೆ. ಜೊತೆಗೆ ನಾನು ಕೇಳದೇ ಇದ್ದದ್ದನ್ನೂ ಹೇಳಿದ: "ಹದಿನೆಂಟು ವರ್ಷದಿಂದ ಗೊತ್ತಿತ್ತು."

ಆಮೇಲೆ ನನ್ನ ಕಡೆ ನೋಡಿದ. "ಸಾಕಾ ವೆಂಡೆಲ್?"

ಮೂವತ್ತೆರಡು ವರ್ಷ ನನ್ನ ಬೆನ್ನ ಮೇಲೆ ಕೂತಿದ್ದದ್ದು ಇಳಿಯಿತು. ಕಣ್ಣು ತುಂಬಿ ಬಂತು, ಅದನ್ನು ಅವನು ನೋಡಿದ. ಅವನು ನೋಡಿದ ಅನ್ನುವುದನ್ನು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಪಕ್ಕದಲ್ಲಿ ಗಸ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

"ಸಾಕು ಕೋಚ್," ಅಂದೆ.

ಅವನು ಬಂದು ಆ ಖಾಲಿ ಕುರ್ಚಿಯಲ್ಲಿ ಕೂತ. ಹೋಟೆಲಿನ ಹುಡುಗಿ ತಟ್ಟೆ ತಂದಿಟ್ಟಳು. ಅವನು ಒಂದು ತುಂಡು ಬಾಯಿಗಿಟ್ಟು, ಉಪ್ಪು ಕೊಡಿ ಅಂದ. ಉಪ್ಪಿನ ಡಬ್ಬಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಮೇಜಿನಲ್ಲಿ ಯಾರೂ ಅಲುಗಾಡಲಿಲ್ಲ. ಸ್ವಲ್ಪ ಹೊತ್ತು ಕಾದು, ಅವನೇ ಎದ್ದು ಹೋಗಿ ಬೇರೆ ಮೇಜಿನಿಂದ ತಂದುಕೊಂಡ.